ಕುಬರ್ನೆಟೀಸ್ ಪದಪರಿಚಯ: 'ಸರ್ವರ್ ಇಲ್ಲ' ಎಂಬ ಮಾತಿನ ಹಿಂದಿನ ಎರಡು ಅಂತಸ್ತುಗಳು

ದಾವಣಗೆರೆ: 'ಸರ್ವರ್ ಇಲ್ಲ, ನಾಳೆ ಬನ್ನಿ.' ಪಹಣಿಗಾಗಿ, ಪ್ರಮಾಣಪತ್ರಕ್ಕಾಗಿ, ಪಡಿತರಕ್ಕಾಗಿ ಸಾಲಿನಲ್ಲಿ ನಿಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಜನರಿಗೆ ಈ ಮಾತು ಅಪರಿಚಿತವಲ್ಲ. ಹಳ್ಳಿಯಿಂದ ಬಂದವರಿಗೆ ಅದರ ಅರ್ಥ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಮತ್ತು ಮರುದಿನದ ಅದೇ ಸಾಲು. ಆದರೆ 'ಸರ್ವರ್' ಎಂಬ ಒಂದೇ ಪದದೊಳಗೆ ಇಂದು ಹತ್ತಾರು ಬೇರೆ ಬೇರೆ ವಸ್ತುಗಳು ಅಡಗಿವೆ. ಅವುಗಳಲ್ಲಿ ಯಾವುದು ಇಲ್ಲವಾಯಿತು ಎಂಬುದನ್ನು ಹೇಳಲು ಪದಗಳು ಬೇಕು. ಭೌತಿಕ ಯಂತ್ರ, ವರ್ಚುಯಲ್ ಯಂತ್ರ ಮತ್ತು ಕುಬರ್ನೆಟೀಸ್ ಎಂಬ ವ್ಯವಸ್ಥೆಗೆ ಸಂಬಂಧಿಸಿದ ಮುಖ್ಯ ಪದಗಳನ್ನು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ತಾಲ್ಲೂಕಿನ ಪೆಟ್ಟಿಗೆಯಿಂದ ರಾಜಧಾನಿಗೆ

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ 'ಭೂಮಿ' ತಂತ್ರಾಂಶವು 2001ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳನ್ನು ತಲುಪಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ಕೈಗೆ ಬರತೊಡಗಿತು. ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೇ ಒಂದು ಸರ್ವರ್ ಯಂತ್ರವಿತ್ತು. ಹೊನ್ನಾಳಿಯ ಯಂತ್ರ ಕೆಟ್ಟರೆ ಹೊನ್ನಾಳಿಯ ಕೆಲಸ ಮಾತ್ರ ನಿಲ್ಲುತ್ತಿತ್ತು. ಜಗಳೂರಿನಲ್ಲಿ ಪಹಣಿ ಸಿಗುತ್ತಿತ್ತು.

ಕಾಲಾಂತರದಲ್ಲಿ ತಾಲ್ಲೂಕುಗಳ ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಇದರಿಂದ ಅನುಕೂಲಗಳು ಅನೇಕ. ಯಾವ ಊರಿನ ಪಹಣಿಯನ್ನು ಯಾವ ಊರಿನಲ್ಲಾದರೂ ಪಡೆಯಬಹುದು. ತಾಲ್ಲೂಕು ಕಚೇರಿಯ ವಿದ್ಯುತ್ ಕಡಿತಕ್ಕೆ ದಾಖಲೆ ಬಲಿಯಾಗದು. ಆದರೆ ಅಪಾಯದ ಸ್ವರೂಪವೂ ಬದಲಾಯಿತು. ಕೇಂದ್ರದಲ್ಲಿ ಒಂದು ಕೊಂಡಿ ಕಳಚಿದರೆ ನಾಲ್ಕೂ ತಾಲ್ಲೂಕುಗಳ ಕಿಟಕಿಗಳು ಒಮ್ಮೆಲೇ ಮುಚ್ಚುತ್ತವೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ಜಾಲತಾಣವು ಕೃತಕ ಬೇಡಿಕೆಗಳ ದಾಳಿಗೆ ಸಿಲುಕಿದಾಗ ರಾಜ್ಯದಾದ್ಯಂತ ನೋಂದಣಿ ಕಾರ್ಯ ಅಸ್ತವ್ಯಸ್ತವಾದುದು ಇದಕ್ಕೆ ನಿದರ್ಶನ.

ಒಂದೆಡೆ ಕೂಡಿದ ಸೇವೆಯನ್ನು ನಿಲ್ಲದಂತೆ ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ತಂತ್ರಜ್ಞರು ನೀಡಿದ ಉತ್ತರಗಳಲ್ಲಿ ಕುಬರ್ನೆಟೀಸ್ ಒಂದು. ಗೂಗಲ್ ಸಂಸ್ಥೆ 2014ರ ಜೂನ್‌ನಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. 2015ರ ಜುಲೈನಲ್ಲಿ 1.0 ಆವೃತ್ತಿ ಹೊರಬಂದಿತು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಬೆಂಗಳೂರಿನ ಇ-ಗವರ್ನ್‌ಮೆಂಟ್ಸ್ ಫೌಂಡೇಷನ್ ರೂಪಿಸಿದ, ಪಂಜಾಬ್ ಮೊದಲಾದ ರಾಜ್ಯಗಳ ನಗರಾಡಳಿತ ಸೇವೆಗಳಿಗೆ ಬಳಕೆಯಾದ 'ಡಿಜಿಟ್' ವೇದಿಕೆಯು ಕುಬರ್ನೆಟೀಸ್ ಮೇಲೆ ನಡೆಯುವಂತೆ ರಚಿತವಾಗಿದೆ. ಹೀಗಾಗಿ ಇದು ಕೇವಲ ಖಾಸಗಿ ಕಂಪನಿಗಳ ಸಂಗತಿಯಾಗಿ ಉಳಿದಿಲ್ಲ. ಮುಂದಿನ ವಿವರಣೆಯಲ್ಲಿ ಪಹಣಿ ಸೇವೆಯನ್ನು ನಿದರ್ಶನಕ್ಕಾಗಿ ಮಾತ್ರ ಬಳಸಲಾಗಿದೆ.

ಕೆಳ ಅಂತಸ್ತು: ವರ್ಚುಯಲೀಕರಣದ ಪದಗಳು

ಹೋಸ್ಟ್: ದತ್ತಾಂಶ ಕೇಂದ್ರದ ಕಪಾಟಿನಲ್ಲಿರುವ, ಕೈಯಿಂದ ಮುಟ್ಟಬಹುದಾದ ಭೌತಿಕ ಯಂತ್ರ. ಸಂಸ್ಕಾರಕ, ಸ್ಮರಣೆ, ಜಾಲದ ಕೇಬಲ್, ವಿದ್ಯುತ್ ಎಲ್ಲವೂ ಇಲ್ಲಿ ನಿಜವಾದವು. ಇದು ಸುಟ್ಟರೆ ಇದರ ಮೇಲಿರುವುದೆಲ್ಲ ನಿಲ್ಲುತ್ತದೆ.

ಹೈಪರ್‌ವೈಸರ್: ಒಂದು ಹೋಸ್ಟನ್ನು ಅನೇಕ ಯಂತ್ರಗಳಂತೆ ತೋರಿಸುವ ತಂತ್ರಾಂಶ. ವಿಎಂವೇರ್‌ನ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟ್‌ನ ಹೈಪರ್-ವಿ ಹಾಗೂ 2007ರಲ್ಲಿ ಲಿನಕ್ಸ್ ತಿರುಳಿನ ಭಾಗವಾದ ಕೆವಿಎಂ ಪ್ರಸಿದ್ಧವಾದವು. 2023ರ ನವೆಂಬರ್‌ನಲ್ಲಿ ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ ಕೊಂಡ ತರುವಾಯ ಪರವಾನಗಿಯ ಪದ್ಧತಿ ಬದಲಾದುದರಿಂದ, ಕೆವಿಎಂ ಆಧಾರಿತ ವ್ಯವಸ್ಥೆಗಳತ್ತ ಅನೇಕರು ಹೊರಳಿ ನೋಡುತ್ತಿದ್ದಾರೆ.

ವರ್ಚುಯಲ್ ಯಂತ್ರ (ವಿಎಂ): ಹೈಪರ್‌ವೈಸರ್ ಸೃಷ್ಟಿಸುವ, ತನ್ನದೇ ಕಾರ್ಯಾಚರಣ ವ್ಯವಸ್ಥೆಯುಳ್ಳ ತೋರಿಕೆಯ ಯಂತ್ರ. ತಾನಿರುವ ಹೋಸ್ಟ್ ಯಾವುದು ಎಂಬುದು ಅದಕ್ಕೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಉತ್ತರಾರ್ಧವೆಲ್ಲ ಇದರ ಮೇಲೆ ನಿಂತಿದೆ.

ಓವರ್‌ಕಮಿಟ್: ಇರುವುದಕ್ಕಿಂತ ಹೆಚ್ಚನ್ನು ಹಂಚುವುದು. 32 ಕೋರ್‌ಗಳ ಹೋಸ್ಟ್‌ನಲ್ಲಿ ಒಟ್ಟು 96 ವರ್ಚುಯಲ್ ಸಂಸ್ಕಾರಕಗಳನ್ನು ಕೊಡಬಹುದು. ಎಲ್ಲರೂ ಒಮ್ಮೆಗೆ ಕೇಳಲಾರರು ಎಂಬ ಎಣಿಕೆ ಅದರ ಹಿಂದಿದೆ. ಬೆಳೆ ವಿಮೆಯ ಕೊನೆಯ ದಿನದಂದು ಎಲ್ಲರೂ ಒಮ್ಮೆಗೇ ಕೇಳುತ್ತಾರೆ. ಆಗ ವಿಎಂ ತನ್ನ ಸರದಿಗಾಗಿ ಕಾಯುವ ಅವಧಿಗೆ ಲಿನಕ್ಸ್‌ನಲ್ಲಿ 'ಸ್ಟೀಲ್ ಟೈಮ್' ಎಂದು ಹೆಸರು.

ಬಲೂನಿಂಗ್: ಹೋಸ್ಟ್‌ನಲ್ಲಿ ಸ್ಮರಣೆಯ ಕೊರತೆಯಾದಾಗ, ವಿಎಂಗೆ ಕೊಟ್ಟ ಸ್ಮರಣೆಯ ಒಂದು ಭಾಗವನ್ನು ಹೈಪರ್‌ವೈಸರ್ ಮರಳಿ ಸೆಳೆದುಕೊಳ್ಳುವ ಉಪಾಯ.

ಲೈವ್ ಮೈಗ್ರೇಷನ್: ನಡೆಯುತ್ತಿರುವ ವಿಎಂ ಅನ್ನು ನಿಲ್ಲಿಸದೆ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವುದು. ಕೊನೆಯ ಕ್ಷಣದಲ್ಲಿ ಮಾತ್ರ ಅದು ಅಲ್ಪಕಾಲ ಸ್ತಬ್ಧವಾಗುತ್ತದೆ.

ಸ್ನ್ಯಾಪ್‌ಶಾಟ್: ವಿಎಂನ ಡಿಸ್ಕಿನ ಒಂದು ಕ್ಷಣದ ಸ್ಥಿತಿ. ತಂತ್ರಾಂಶ ಬದಲಿಸುವ ಮುನ್ನ ತೆಗೆದು, ಕೆಲಸ ಸರಿಯಾದ ಮೇಲೆ ಅಳಿಸಬೇಕಾದುದು. ಅದೇ ಡಿಸ್ಕನ್ನು ಆಶ್ರಯಿಸಿರುವುದರಿಂದ ಇದನ್ನು ಬ್ಯಾಕಪ್ ಎಂದು ನಂಬಿ ಕೂಡುವುದು ಅಪಾಯಕಾರಿ.

ಮೇಲಂತಸ್ತು: ಕುಬರ್ನೆಟೀಸ್ ಪದಗಳು

ಕಂಟೈನರ್: ತಂತ್ರಾಂಶವನ್ನು ಅದಕ್ಕೆ ಬೇಕಾದ ಗ್ರಂಥಾಲಯಗಳೊಡನೆ ಕಟ್ಟಿ ಪ್ರತ್ಯೇಕವಾಗಿ ನಡೆಸುವ ಕ್ರಮ. ವಿಎಂಗೆ ತನ್ನದೇ ಕಾರ್ಯಾಚರಣ ವ್ಯವಸ್ಥೆ ಇದೆ. ಕಂಟೈನರ್‌ಗಳು ತಾವಿರುವ ಯಂತ್ರದ ತಿರುಳನ್ನೇ ಹಂಚಿಕೊಳ್ಳುತ್ತವೆ. ಆದ್ದರಿಂದ ಅವು ಹಗುರ. ಕ್ಷಣಗಳಲ್ಲಿ ಹುಟ್ಟಿ ಕ್ಷಣಗಳಲ್ಲಿ ಅಳಿಯುತ್ತವೆ.

ಇಮೇಜ್ ಮತ್ತು ರಿಜಿಸ್ಟ್ರಿ: ಕಂಟೈನರ್ ಹುಟ್ಟುವ ಅಚ್ಚು ಇಮೇಜ್; ಅಚ್ಚುಗಳ ಉಗ್ರಾಣ ರಿಜಿಸ್ಟ್ರಿ. ರಿಜಿಸ್ಟ್ರಿ ದೊರೆಯದಿದ್ದರೆ, ಅಚ್ಚಿನ ಪ್ರತಿ ಇಲ್ಲದ ಯಂತ್ರಗಳಲ್ಲಿ ಹೊಸ ಕಂಟೈನರ್ ಏಳದು.

ಪಾಡ್: ಕುಬರ್ನೆಟೀಸ್ ನಿರ್ವಹಿಸುವ ಅತಿ ಚಿಕ್ಕ ಘಟಕ. ಒಂದು ಅಥವಾ ಒಟ್ಟಿಗೇ ಇರಬೇಕಾದ ಕೆಲವು ಕಂಟೈನರ್‌ಗಳು ಒಂದೇ ಜಾಲವಿಳಾಸದಲ್ಲಿ ಇಲ್ಲಿ ವಾಸಿಸುತ್ತವೆ. ಪಾಡ್ ಶಾಶ್ವತವಲ್ಲ. ಸತ್ತ ಪಾಡನ್ನು ಎಬ್ಬಿಸುವುದಿಲ್ಲ. ಅದರ ಜಾಗದಲ್ಲಿ ಹೊಸದನ್ನು ನಿಲ್ಲಿಸಲಾಗುತ್ತದೆ.

ನೋಡ್: ಪಾಡ್‌ಗಳು ನಡೆಯುವ ಯಂತ್ರ. ವರ್ಚುಯಲೀಕರಣದ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ಪ್ರತಿ ನೋಡ್ ಒಂದು ವಿಎಂ ಆಗಿರುತ್ತದೆ. ಒಂದು ನೋಡ್‌ನಲ್ಲಿ 110 ಪಾಡ್‌ಗಳಿಗಿಂತ ಹೆಚ್ಚು ಇರದಿರಲಿ ಎಂಬುದು ಸಾಮಾನ್ಯ ಸೂಚನೆ.

ಕ್ಲಸ್ಟರ್: ಒಂದೇ ಆಡಳಿತಕ್ಕೆ ಒಳಪಟ್ಟ ನೋಡ್‌ಗಳ ಸಮೂಹ. ವರ್ಚುಯಲೀಕರಣದವರು ಹೋಸ್ಟ್‌ಗಳ ಸಮೂಹಕ್ಕೂ ಕ್ಲಸ್ಟರ್ ಎನ್ನುತ್ತಾರೆ. ಎರಡು ತಂಡಗಳ ಸಭೆಯಲ್ಲಿ ಈ ಪದ ಬಂದಾಗ ಯಾವ ಕ್ಲಸ್ಟರ್ ಎಂದು ಕೇಳಿಕೊಳ್ಳುವುದು ಒಳಿತು.

ಕಂಟ್ರೋಲ್ ಪ್ಲೇನ್: ಕ್ಲಸ್ಟರ್‌ನ ಆಡಳಿತ ಕಚೇರಿ. ಎಲ್ಲ ಅರ್ಜಿಗಳೂ ಎಪಿಐ ಸರ್ವರ್ ಎಂಬ ಒಂದೇ ಕಿಟಕಿಯ ಮೂಲಕ ಬರುತ್ತವೆ. ಹೊಸ ಪಾಡ್ ಯಾವ ನೋಡ್‌ಗೆ ಹೋಗಬೇಕೆಂದು ನಿರ್ಧರಿಸುವುದು ಷೆಡ್ಯೂಲರ್. ಇರಬೇಕಾದ ಸ್ಥಿತಿಗೂ ಇರುವ ಸ್ಥಿತಿಗೂ ಅಂತರವಿದೆಯೇ ಎಂದು ಸದಾ ನೋಡಿ ಸರಿಪಡಿಸುವುದು ಕಂಟ್ರೋಲರ್. ಪ್ರತಿ ನೋಡ್‌ನಲ್ಲಿ ಕುಳಿತು ಆದೇಶ ಪಾಲಿಸಿ ವರದಿ ಕಳಿಸುವ ಕಾರ್ಯಕರ್ತ ಕ್ಯೂಬ್‌ಲೆಟ್.

ಎಟ್‌ಸಿಡಿ: ಕ್ಲಸ್ಟರ್‌ನ ದಾಖಲೆ ಕೊಠಡಿ. ಯಾವ ಪಾಡ್ ಎಲ್ಲಿರಬೇಕು, ಎಷ್ಟಿರಬೇಕು ಎಂಬುದೆಲ್ಲ ಇಲ್ಲಿದೆ. ಇದನ್ನು 3 ಅಥವಾ 5 ಪ್ರತಿಗಳಲ್ಲಿ ಇಡುತ್ತಾರೆ, ಏಕೆಂದರೆ ಪ್ರತಿ ಬರಹಕ್ಕೂ ಬಹುಮತ ಬೇಕು. ಮೂರರಲ್ಲಿ ಎರಡು ಉಳಿದರೆ ಕೆಲಸ ನಡೆಯುತ್ತದೆ. ಒಂದೇ ಉಳಿದರೆ ನಿಲ್ಲುತ್ತದೆ.

ಡಿಪ್ಲಾಯ್‌ಮೆಂಟ್ ಮತ್ತು ರೆಪ್ಲಿಕಾ: 'ಪಹಣಿ ಮುದ್ರಿಸುವ ಪಾಡ್ ಸದಾ ಮೂರು ಇರಲಿ' ಎಂಬ ಲಿಖಿತ ಇಚ್ಛೆ ಡಿಪ್ಲಾಯ್‌ಮೆಂಟ್; ಆ ಮೂರರಲ್ಲಿ ಪ್ರತಿಯೊಂದೂ ರೆಪ್ಲಿಕಾ. ಒಂದು ಬಿದ್ದರೆ ಯಾರೂ ಹೇಳದೆಯೇ ಇನ್ನೊಂದು ಏಳುತ್ತದೆ.

ನೇಮ್‌ಸ್ಪೇಸ್: ಒಂದೇ ಕ್ಲಸ್ಟರ್‌ನೊಳಗೆ ಹೆಸರು, ಅಧಿಕಾರ ಮತ್ತು ಪಾಲುಗಳನ್ನು ಬೇರ್ಪಡಿಸುವ ಗಡಿ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದುದು ಓದುಗರಿಗೆ ತಿಳಿದೇ ಇದೆ. ಹಳೆಯ ಕ್ರಮದಲ್ಲಿ ಹೊಸ ತಾಲ್ಲೂಕಿಗೆ ಹೊಸ ಯಂತ್ರವನ್ನೇ ಕೊಂಡು ತಂದು ಕೂರಿಸಬೇಕಾಗುತ್ತಿತ್ತು. ತಾಲ್ಲೂಕಿಗೊಂದು ನೇಮ್‌ಸ್ಪೇಸ್ ಇಟ್ಟ ಕ್ಲಸ್ಟರ್‌ನಲ್ಲಾದರೆ ಇನ್ನೊಂದು ನೇಮ್‌ಸ್ಪೇಸ್ ಬರೆದರೆ ಸಾಕು. ಆದರೆ ಇದು ಕಾಗದದ ಗಡಿ. ಯಂತ್ರ ಒಂದೇ ಆಗಿರುವುದರಿಂದ ಯಂತ್ರದ ಅಪಘಾತದಿಂದ ಇದು ರಕ್ಷಿಸದು.

ಬೇಡಿಕೆ ಬರುವ ದಾರಿ

ಸರ್ವೀಸ್: ಪಾಡ್‌ಗಳ ವಿಳಾಸ ಬದಲಾಗುತ್ತಲೇ ಇರುತ್ತದೆ. ಅವುಗಳ ಮುಂದೆ ನಿಲ್ಲುವ ಬದಲಾಗದ ವಿಳಾಸವೇ ಸರ್ವೀಸ್. ಬಂದ ಬೇಡಿಕೆಯನ್ನು ಆರೋಗ್ಯವಾಗಿರುವ ಪಾಡ್‌ಗಳಿಗೆ ಇದು ಹಂಚುತ್ತದೆ.

ಇಂಗ್ರೆಸ್: ಹೊರಗಿನ ಜಾಲದಿಂದ ಬಂದ ಬೇಡಿಕೆಯನ್ನು ಅದರ ವಿಳಾಸ ನೋಡಿ ಸರಿಯಾದ ಸರ್ವೀಸ್‌ಗೆ ಕಳಿಸುವ ನಿಯಮ. ಇದೇ ಕೆಲಸಕ್ಕೆ ಹೊಸದಾಗಿ ರೂಪುಗೊಂಡಿರುವುದು ಗೇಟ್‌ವೇ ಎಪಿಐ.

ಲೋಡ್ ಬ್ಯಾಲೆನ್ಸರ್: ಕ್ಲಸ್ಟರ್‌ನ ಹೆಬ್ಬಾಗಿಲು. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಇದು ಕೇಳಿದೊಡನೆ ದೊರೆಯುತ್ತದೆ. ಸ್ವಂತ ಹೋಸ್ಟ್‌ಗಳ ಮೇಲೆ ಕಟ್ಟಿದ ಕ್ಲಸ್ಟರ್‌ಗೆ ಮೆಟಲ್‌ಎಲ್‌ಬಿಯಂತಹ ತಂತ್ರಾಂಶವನ್ನೋ ಪ್ರತ್ಯೇಕ ಉಪಕರಣವನ್ನೋ ತಾವೇ ಒದಗಿಸಬೇಕು.

ರೆಡಿನೆಸ್ ಮತ್ತು ಲೈವ್‌ನೆಸ್ ಪ್ರೋಬ್: 'ಕೆಲಸಕ್ಕೆ ಸಿದ್ಧವಿದ್ದೀಯಾ?' ಎಂಬ ಪ್ರಶ್ನೆ ಮೊದಲನೆಯದು, 'ಜೀವಂತವಿದ್ದೀಯಾ?' ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ಬೇಡಿಕೆ ಕಳಿಸುವುದು ನಿಲ್ಲುತ್ತದೆ. ಎರಡನೆಯದಕ್ಕೆ ಬಾರದಿದ್ದರೆ ಕಂಟೈನರ್ ಮರುಪ್ರಾರಂಭವಾಗುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ, ನಿಧಾನವಾಗಿದ್ದ ಸೇವೆ ಪದೇ ಪದೇ ಸತ್ತು ಹುಟ್ಟುವ ಸೇವೆಯಾಗುತ್ತದೆ.

ಆಟೋಸ್ಕೇಲಿಂಗ್: ಒತ್ತಡ ಹೆಚ್ಚಿದಾಗ ಪಾಡ್‌ಗಳನ್ನು ತಾನಾಗಿ ಹೆಚ್ಚಿಸುವುದು. ಮಿತಿಯ ಅರಿವು ಇಲ್ಲಿ ಅಗತ್ಯ. ಕೃತಕ ಬೇಡಿಕೆಗಳ ದಾಳಿಯಾದಾಗ ಪಾಡ್‌ಗಳನ್ನು ಹೆಚ್ಚಿಸುವುದು ದಾಳಿಕೋರನಿಗೇ ಉಣಬಡಿಸಿದಂತೆ. ಅಂತಹ ಬೇಡಿಕೆಗಳನ್ನು ಹೆಬ್ಬಾಗಿಲಿಗಿಂತ ಮುಂಚೆಯೇ ಸೋಸಬೇಕು.

ದತ್ತಾಂಶ ಉಳಿಯುವ ಜಾಗ

ಪರ್ಸಿಸ್ಟೆಂಟ್ ವಾಲ್ಯೂಮ್: ಪಾಡ್ ಅಳಿದರೂ ಅಳಿಯದ ಡಿಸ್ಕ್. ಅದನ್ನು ಬೇಡುವ ಅರ್ಜಿಗೆ 'ಕ್ಲೈಮ್' ಎಂದೂ, ಯಾವ ಬಗೆಯ ಡಿಸ್ಕ್ ಎಂಬ ವರ್ಗೀಕರಣಕ್ಕೆ 'ಸ್ಟೋರೇಜ್ ಕ್ಲಾಸ್' ಎಂದೂ ಹೆಸರು. ಕುಬರ್ನೆಟೀಸ್ ಮತ್ತು ಕೆಳಗಿನ ಸಂಗ್ರಹ ವ್ಯವಸ್ಥೆಯ ನಡುವೆ ದುಭಾಷಿಯಂತೆ ನಿಂತು ಡಿಸ್ಕನ್ನು ಸೃಷ್ಟಿಸಿ ವಿಎಂಗೆ ಜೋಡಿಸುವುದು ಸಿಎಸ್‌ಐ ಚಾಲಕ. ಪಾಡ್‌ಗಳ ಜಾಲಕ್ಕೆ ಇಂತಹುದೇ ಕೆಲಸ ಮಾಡುವುದು ಸಿಎನ್‌ಐ.

ಸ್ಟೇಟ್‌ಫುಲ್‌ಸೆಟ್: ದತ್ತಸಂಚಯದಂತಹ, ತನ್ನ ಗುರುತನ್ನೂ ತನ್ನ ಡಿಸ್ಕನ್ನೂ ಬಿಡಲಾಗದ ಪಾಡ್‌ಗಳಿಗಾಗಿ ಇರುವ ವ್ಯವಸ್ಥೆ. ಮುದ್ರಿಸುವ ಪಾಡ್ ಯಾವುದಾದರೂ ಆಗಬಹುದು; ಪಹಣಿಯ ಮೂಲ ದಾಖಲೆ ಇರುವ ಪಾಡ್ ಹಾಗಲ್ಲ.

ಎರಡು ಅಂತಸ್ತುಗಳು ಸಂಧಿಸುವೆಡೆ

ಇಲ್ಲಿಯವರೆಗಿನ ಪದಗಳನ್ನು ಯಾವ ಕೈಪಿಡಿಯಲ್ಲಾದರೂ ಕಾಣಬಹುದು. ನಿಜವಾದ ತೊಡಕು ಇರುವುದು ಎರಡು ಅಂತಸ್ತುಗಳ ನಡುವೆ. ಹೈಪರ್‌ವೈಸರ್‌ಗೆ ಪಾಡ್ ಕಾಣದು. ಕುಬರ್ನೆಟೀಸ್‌ಗೆ ಹೋಸ್ಟ್ ಕಾಣದು. ಇಬ್ಬರೂ ಸೇವೆಯನ್ನು ಕಾಯುವ ಕಾವಲುಗಾರರೇ. ಆದರೆ ಯಾರಾದರೂ ತಿಳಿಸದ ಹೊರತು ಒಬ್ಬರಿಗೆ ಇನ್ನೊಬ್ಬರ ಸುಳಿವಿಲ್ಲ.

ಮೂರು ರೆಪ್ಲಿಕಾಗಳು ಮೂರು ನೋಡ್‌ಗಳಲ್ಲಿ ಇವೆ ಎಂದುಕೊಳ್ಳೋಣ. ಕುಬರ್ನೆಟೀಸ್‌ನ ಲೆಕ್ಕದಲ್ಲಿ ಸೇವೆ ಸುರಕ್ಷಿತ. ಆದರೆ ಆ ಮೂರೂ ನೋಡ್‌ಗಳು ವಿಎಂಗಳು. ಮೂರೂ ಒಂದೇ ಹೋಸ್ಟ್ ಮೇಲೆ ಇರಬಹುದು. ಒಂದು ವಿದ್ಯುತ್ ಘಟಕ ಸುಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ. ಒಂದೇ ಉಗ್ರಾಣದಲ್ಲಿ ಮೂರು ರಾಶಿಯಾಗಿ ಅಡಿಕೆ ಇಟ್ಟ ಮಾತ್ರಕ್ಕೆ ಬೆಂಕಿಯಿಂದ ರಕ್ಷಣೆ ದೊರೆಯದು. ಈ ತೊಡಕನ್ನು ಬಿಡಿಸುವ ಪದಗಳು ಹೀಗಿವೆ.

ಆಂಟಿ-ಅಫಿನಿಟಿ: 'ಇವು ಜೊತೆಯಲ್ಲಿರಬಾರದು' ಎಂಬ ನಿಯಮ. ಇದನ್ನು ಎರಡು ಕಡೆ ಬರೆಯಬೇಕು. ಕುಬರ್ನೆಟೀಸ್‌ನಲ್ಲಿ ಬರೆದರೆ ಪಾಡ್‌ಗಳು ಬೇರೆ ಬೇರೆ ನೋಡ್‌ಗೆ ಹೋಗುತ್ತವೆ. ವರ್ಚುಯಲೀಕರಣದಲ್ಲಿ ಬರೆದರೆ ವಿಎಂಗಳು ಬೇರೆ ಬೇರೆ ಹೋಸ್ಟ್‌ಗೆ ಹೋಗುತ್ತವೆ. ಒಂದು ಕಡೆ ಮಾತ್ರ ಬರೆದರೆ ಅರ್ಧ ಕೆಲಸವಾದಂತೆ.

ಟೋಪಾಲಜಿ ಲೇಬಲ್: ನೋಡ್‌ಗೆ ಅಂಟಿಸುವ ವಿಳಾಸಚೀಟಿ. ಈ ನೋಡ್ ಇಂತಹ ಹೋಸ್ಟ್‌ನಲ್ಲಿ, ಇಂತಹ ಕಪಾಟಿನಲ್ಲಿದೆ ಎಂದು ಅದರಲ್ಲಿ ಬರೆದರೆ ಷೆಡ್ಯೂಲರ್ ಅದನ್ನು ಓದಿ ಪಾಡ್‌ಗಳನ್ನು ಹರಡುತ್ತದೆ. ಲೈವ್ ಮೈಗ್ರೇಷನ್‌ನಿಂದ ವಿಎಂ ಬೇರೆ ಹೋಸ್ಟ್‌ಗೆ ಹೋದಾಗ ಚೀಟಿ ತಾನಾಗಿ ಬದಲಾಗದಿದ್ದರೆ, ಷೆಡ್ಯೂಲರ್ ಸುಳ್ಳು ವಿಳಾಸವನ್ನೇ ನಂಬುತ್ತದೆ.

ಎಟ್‌ಸಿಡಿ ಬಹುಮತ ಮತ್ತು ಹೋಸ್ಟ್‌ಗಳ ಸಂಖ್ಯೆ: ಮೂರು ಎಟ್‌ಸಿಡಿ ವಿಎಂಗಳನ್ನು ಎರಡೇ ಹೋಸ್ಟ್‌ಗಳಲ್ಲಿ ಇಟ್ಟರೆ ಒಂದು ಹೋಸ್ಟ್‌ನಲ್ಲಿ ಎರಡು ಇರಲೇಬೇಕು. ಅದು ಬಿದ್ದರೆ ಬಹುಮತವೂ ಬಿದ್ದಂತೆ. ಮೂರು ಪ್ರತಿಗಳ ಫಲ ದೊರೆಯಲು ಕನಿಷ್ಠ ಮೂರು ಹೋಸ್ಟ್‌ಗಳು ಬೇಕು. ಎಟ್‌ಸಿಡಿಯ ನಾಯಕ ಪ್ರತಿಯು ಸಾಮಾನ್ಯ ಹೊಂದಿಕೆಯಲ್ಲಿ 100 ಮಿಲಿಸೆಕೆಂಡಿಗೊಮ್ಮೆ ಸದ್ದು ಮಾಡುತ್ತದೆ. 1000 ಮಿಲಿಸೆಕೆಂಡ್ ಸದ್ದಿಲ್ಲವಾದರೆ ಉಳಿದವು ಹೊಸ ನಾಯಕನ ಆಯ್ಕೆಗೆ ತೊಡಗುತ್ತವೆ. ಆದ್ದರಿಂದ ನಿಧಾನಗತಿಯ ಡಿಸ್ಕ್, ಓವರ್‌ಕಮಿಟ್ ಆದ ಹೋಸ್ಟ್, ದೀರ್ಘವಾದ ಮೈಗ್ರೇಷನ್ ಮೂರೂ ಇದಕ್ಕೆ ಶತ್ರುಗಳು. ಇದಕ್ಕೆ ಎಟ್‌ಸಿಡಿಯದೇ ಬ್ಯಾಕಪ್ ಬೇಕು. ವಿಎಂ ಸ್ನ್ಯಾಪ್‌ಶಾಟ್ ಸಾಲದು.

ರಿಕ್ವೆಸ್ಟ್ ಮತ್ತು ಲಿಮಿಟ್: ಪಾಡ್‌ಗೆ ಕಾದಿರಿಸಿದ ಪಾಲು ರಿಕ್ವೆಸ್ಟ್; ಮೀರಬಾರದ ಗೆರೆ ಲಿಮಿಟ್. ಸ್ಮರಣೆಯ ಗೆರೆ ದಾಟಿದ ಕಂಟೈನರ್ ಕೊಲ್ಲಲ್ಪಡುತ್ತದೆ. ಸಂಸ್ಕಾರಕದ ಗೆರೆ ದಾಟಿದರೆ ವೇಗ ತಗ್ಗುತ್ತದೆ. ಕುಬರ್ನೆಟೀಸ್ ಕಾದಿರಿಸುವುದು ವಿಎಂ ತೋರಿಸಿದ ಲೆಕ್ಕದಿಂದ. ಹೋಸ್ಟ್‌ನಲ್ಲಿ ಅಷ್ಟು ಇಲ್ಲದಿದ್ದರೆ ಕಾದಿರಿಸಿದ್ದು ಕಾಗದದ ಮೇಲೆ ಮಾತ್ರ. ನೋಡ್ ಆಗಿರುವ ವಿಎಂಗಳಿಗೆ ಸ್ಮರಣೆಯನ್ನು ಪೂರ್ತಿಯಾಗಿ ಮೀಸಲಿಟ್ಟು, ಬಲೂನಿಂಗ್‌ನಿಂದ ದೂರವಿಡುವುದು ಇದೇ ಕಾರಣಕ್ಕೆ.

ಹೈ ಅವೈಲಬಿಲಿಟಿ ಮತ್ತು ಎವಿಕ್ಷನ್: ಹೋಸ್ಟ್ ಬಿದ್ದಾಗ ಇಬ್ಬರು ಕಾವಲುಗಾರರೂ ಎಚ್ಚರಗೊಳ್ಳುತ್ತಾರೆ. ವರ್ಚುಯಲೀಕರಣವು ವಿಎಂ ಅನ್ನು ಬೇರೊಂದು ಹೋಸ್ಟ್‌ನಲ್ಲಿ ಎಬ್ಬಿಸುತ್ತದೆ. ಇದಕ್ಕೆ ಹೈ ಅವೈಲಬಿಲಿಟಿ ಎಂದು ಹೆಸರು. ಇತ್ತ ಕುಬರ್ನೆಟೀಸ್ ಒಂದು ನಿಮಿಷದೊಳಗೆ ಆ ನೋಡನ್ನು 'ಸಿದ್ಧವಿಲ್ಲ' ಎಂದು ಗುರುತಿಸಿ, ಸಾಮಾನ್ಯ ಹೊಂದಿಕೆಯಲ್ಲಿ ಮತ್ತೆ 5 ನಿಮಿಷ ಕಾದು, ಅಲ್ಲಿನ ಪಾಡ್‌ಗಳನ್ನು ತೆರವುಗೊಳಿಸಿ ಬೇರೆಡೆ ನಿಲ್ಲಿಸುತ್ತದೆ, ಇದು ಎವಿಕ್ಷನ್. ಸ್ಟೇಟ್‌ಫುಲ್‌ಸೆಟ್ ಪಾಡ್ ಮಾತ್ರ ಹೀಗೆ ಕದಲದು. ಹಳೆಯದು ನಿಜಕ್ಕೂ ಸತ್ತಿದೆಯೇ ಎಂದು ಖಚಿತವಾಗದೆ ಹೊಸದನ್ನು ನಿಲ್ಲಿಸಿದರೆ ಇಬ್ಬರು ಒಂದೇ ದಾಖಲೆಗೆ ಬರೆಯುವ ಅಪಾಯವಿದೆ. ಯಂತ್ರ ಪೂರ್ತಿ ನಿಂತಿದೆ ಎಂದು ನಿರ್ವಾಹಕರೇ ಘೋಷಿಸುವ 'ಔಟ್ ಆಫ್ ಸರ್ವೀಸ್' ಗುರುತು 2023ರ 1.28 ಆವೃತ್ತಿಯಲ್ಲಿ ಸ್ಥಿರಗೊಂಡಿತು.

ದುರಸ್ತಿ ದಿನದ ಪದಗಳು

ಕಾರ್ಡನ್ ಮತ್ತು ಡ್ರೇನ್: 'ಈ ನೋಡ್‌ಗೆ ಹೊಸ ಪಾಡ್ ಬೇಡ' ಎನ್ನುವುದು ಕಾರ್ಡನ್, ಇರುವ ಪಾಡ್‌ಗಳನ್ನೂ ಮರ್ಯಾದೆಯಿಂದ ಕಳಿಸಿಕೊಡುವುದು ಡ್ರೇನ್. ಹೋಸ್ಟ್ ದುರಸ್ತಿಗೆ ಮುನ್ನ ಇದು ನಡೆಯಬೇಕು.

ಡಿಸ್ರಪ್ಷನ್ ಬಜೆಟ್: 'ಎಂದಿಗೂ ಎರಡಕ್ಕಿಂತ ಕಡಿಮೆ ಪಾಡ್ ಇರಕೂಡದು' ಎಂಬ ಕಟ್ಟಳೆ. ಡ್ರೇನ್‌ನಂತಹ ಉದ್ದೇಶಪೂರ್ವಕ ಕೆಲಸವನ್ನು ಇದು ತಡೆಯುತ್ತದೆ. ಆಕಸ್ಮಿಕ ಅಪಘಾತವನ್ನು ತಡೆಯದು.

ಆವೃತ್ತಿ ಬದಲಾವಣೆ: ವರ್ಷಕ್ಕೆ ಮೂರು ಹೊಸ ಆವೃತ್ತಿಗಳು ಬರುತ್ತವೆ, ಪ್ರತಿಯೊಂದಕ್ಕೂ ಮೂಲ ಯೋಜನೆಯ ಬೆಂಬಲ ಸುಮಾರು 14 ತಿಂಗಳು ಮಾತ್ರ. ಒಮ್ಮೆ ಕಟ್ಟಿ ಮರೆಯುವ ವ್ಯವಸ್ಥೆ ಇದಲ್ಲ.

ಕ್ಯೂಬ್‌ವರ್ಟ್: ಅಂತಸ್ತುಗಳನ್ನು ತಿರುವುಮುರುವು ಮಾಡುವ ಯೋಜನೆ. ಇದರಲ್ಲಿ ವಿಎಂಗಳೇ ಕುಬರ್ನೆಟೀಸ್‌ನ ಆಡಳಿತಕ್ಕೆ ಒಳಪಡುತ್ತವೆ.

ಪದದಿಂದ ಪ್ರಶ್ನೆಗೆ

ಎಲ್ಲರಿಗೂ ಕುಬರ್ನೆಟೀಸ್ ಬೇಕಿಲ್ಲ ಎಂಬುದನ್ನೂ ಹೇಳಲೇಬೇಕು. ಒಂದು ಲೆಕ್ಕಪತ್ರ ತಂತ್ರಾಂಶವನ್ನಷ್ಟೇ ನಡೆಸುವ ಸಹಕಾರ ಸಂಘಕ್ಕೆ ಒಂದು ವಿಎಂ, ಬೇರೆಡೆ ಇಟ್ಟ ಬ್ಯಾಕಪ್ ಮತ್ತು ಅದನ್ನು ಮರಳಿ ತೆರೆದು ನೋಡುವ ಅಭ್ಯಾಸ ಸಾಕು. ಹತ್ತಾರು ಸೇವೆಗಳು, ಏರಿಳಿಯುವ ಒತ್ತಡ ಮತ್ತು ನೋಡಿಕೊಳ್ಳುವ ಸಿಬ್ಬಂದಿ ಇರುವಲ್ಲಿ ಮಾತ್ರ ಈ ಎರಡಂತಸ್ತಿನ ಕಟ್ಟಡ ತನ್ನ ವೆಚ್ಚವನ್ನು ತೀರಿಸುತ್ತದೆ.

ಅಂತಹ ಕಡೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ರೆಪ್ಲಿಕಾಗಳು ಎಷ್ಟು ಹೋಸ್ಟ್‌ಗಳಲ್ಲಿ ಹರಡಿವೆ? ಎಟ್‌ಸಿಡಿಯ ಬ್ಯಾಕಪ್ಪನ್ನು ಕೊನೆಯ ಬಾರಿ ಮರಳಿ ಸ್ಥಾಪಿಸಿ ನೋಡಿದ್ದು ಯಾವಾಗ? ನೋಡ್‌ಗಳ ಸ್ಮರಣೆ ನಿಜವಾಗಿ ಮೀಸಲಾಗಿದೆಯೇ? ಒಂದು ಹೋಸ್ಟನ್ನು ಬೇಕೆಂದೇ ಆರಿಸಿದರೆ ಸೇವೆ ಎಷ್ಟು ನಿಮಿಷ ನಿಲ್ಲುತ್ತದೆ? ಈ ನಾಲ್ಕಕ್ಕೂ ದಿನಾಂಕ ಮತ್ತು ಅಂಕಿಗಳಲ್ಲಿ ಉತ್ತರ ದೊರೆತರೆ ವ್ಯವಸ್ಥೆ ಸರಿಯಿದೆ ಎನ್ನಬಹುದು. 'ಸರ್ವರ್ ಇಲ್ಲ' ಎಂಬುದಷ್ಟೇ ಉತ್ತರವಾಗಿ ಉಳಿದರೆ, ಮೂರು ರೆಪ್ಲಿಕಾಗಳಿದ್ದರೂ ಜಗಳೂರಿನ ರೈತ ಮರುದಿನ ಮತ್ತೆ ಬಸ್ ಹತ್ತಬೇಕಾಗುತ್ತದೆ.